ತಟ್ಟೆ ತೊಳೆದ ನೀರು

ನಮ್ಮ ಮಾವ ಪ್ರಭುಸ್ವಾಮಿಯವರು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದವರು. ಒಂದು ಬೋಲ್ಟಿನ ಲೆಕ್ಕವನ್ನೂ ತಪ್ಪಿಸಿದವರಲ್ಲ. ಅಂಥವರ ಮೇಲೆ 2004ರಲ್ಲಿ ನಾನು, ಅವರ ಸೊಸೆ, ನೀರು ಕದ್ದ ಆರೋಪ ಹೊರಿಸಿದೆ.

ಆಗ ಅವರ ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಮೂತ್ರ ಹೋಗದ ಮೇಲೆ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಉಪ್ಪು ಚಿಟಿಕೆಯಷ್ಟೇ ಎಂದಿದ್ದರು ಡಾಕ್ಟರು. ಬೆಳಿಗ್ಗೆಯೇ ಬಾಟಲಿಗೆ ಅಳೆದು ತುಂಬಿಸಿಡುತ್ತಿದ್ದೆ. ಉಪ್ಪಿನಕಾಯಿ ಜಾಡಿಯನ್ನು ಬೀರುವಿಗೆ ಹಾಕಿ ಬೀಗ ಜಡಿದೆ.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ತಾಯಿ ಹೋದ್ಲು, ಈಗ ಉಪ್ಪೂ ಹೋಯ್ತು ಕಣಮ್ಮ" ಎಂದು ನಗುತ್ತಲೇ ಸಪ್ಪೆ ಸಾರು ಉಣ್ಣುತ್ತಿದ್ದರು.

ಆದರೂ ಡಯಾಲಿಸಿಸ್‌ಗೆ ಹೋದಾಗಲೆಲ್ಲ ತೂಕ ನಾಲ್ಕು ಕೆಜಿ ಏರಿರುತ್ತಿತ್ತು. ಅಷ್ಟನ್ನೂ ನಾಲ್ಕೇ ಗಂಟೆಯಲ್ಲಿ ಯಂತ್ರ ಎಳೆಯುವಾಗ ಮೀನಖಂಡ ಸೆಟೆದು ಕೂಗಿಕೊಳ್ಳುತ್ತಿದ್ದರು. ಹೀಗೇ ಆದರೆ ಹೃದಯ ತಡೆಯುವುದಿಲ್ಲ ಎಂದರು ಡಾಕ್ಟರು. ಹೆದರಿಕೆಗೆ ನಾನು ನಾಲಿಗೆ ಹರಿಯಬಿಟ್ಟೆ.

"ಮಾವ, ಬಚ್ಚಲಿಗೆ ಹೋಗಿ ಕದ್ದು ಕುಡೀತೀರಾ? ನಿಜ ಹೇಳ್ಬುಡಿ!"

"ಲಿಂಗದಾಣೆಗೂ ಇಲ್ಲ ಸುಷ್ಮಾ."

ನಾನು ನಂಬಲಿಲ್ಲ.

ಒಂದು ಭಾನುವಾರ, ಮಾವನ ಬಲವಂತಕ್ಕೆ ಡಯಾಲಿಸಿಸ್ ಟೆಕ್ನಿಶಿಯನ್ ಮಹದೇವು ಸಿದ್ಧಾರ್ಥನಗರದ ನಮ್ಮ ಮನೆಗೆ ಊಟಕ್ಕೆ ಬಂದರು. ಉಂಡಾದ ಮೇಲೆ ಮಾವ ಎಂದಿನಂತೆ ಚೊಂಬಿನಿಂದ ತಟ್ಟೆಗೆ ನೀರು ಸುರಿದು, ಬೆರಳಲ್ಲಿ ತೊಳೆದು, ಎತ್ತಿ ಕುಡಿದರು. ಒಂದಗುಳೂ ವ್ಯರ್ಥವಾಗಬಾರದೆಂಬುದು ನಮ್ಮ ಹಿರಿಯರ ಪದ್ಧತಿ.

ಮಹದೇವು ಕಣ್ಣರಳಿಸಿದರು. "ಸಾರ್! ಇದನ್ನ ಲೆಕ್ಕಕ್ಕೆ ತಗೊಂಡಿದ್ದೀರಾ?"

"ಇದು ನೀರಲ್ಲಪ್ಪ, ಪ್ರಸಾದ."

"ಮಿಷನ್‌ಗೆ ಅದೆಲ್ಲ ಗೊತ್ತಾಗಲ್ಲ ಸಾರ್!"

ಹೊತ್ತಿಗೊಂದು ಲೋಟವೆಂದರೂ ದಿನಕ್ಕೆ ಮೂರು ಲೋಟ, ಅದೂ ನನ್ನ ಕಣ್ಣೆದುರೇ! ಹದಿನೈದು ವರ್ಷದಿಂದ ಬಡಿಸುತ್ತಿರುವ ನನಗೂ ಅದು ನೀರೆಂದು ಹೊಳೆದಿರಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು! ಅಲ್ಲೇ ಅತ್ತುಬಿಟ್ಟೆ.

"ನಿಮ್ಮನ್ನ ಕಳ್ಳ ಅಂದ್ಬುಟ್ನಲ್ಲ ಮಾವ."

"ಬುಡಮ್ಮ. ಬೈಯೋರು ಇರೋದ್ರಿಂದ್ಲೇ ನಾನಿನ್ನೂ ಇದ್ದೀನಿ."

ಮಾವ ಪದ್ಧತಿಯನ್ನೇನೂ ಬಿಡಲಿಲ್ಲ. ಬಾಟಲಿಯ ನೀರಿನಲ್ಲೇ ಎರಡು ಗುಟುಕು ಉಳಿಸಿ ತಟ್ಟೆ ತೊಳೆದು ಕುಡಿಯತೊಡಗಿದರು. ಮುಂದಿನ ಸಲ ತೂಕ ಏರಿದ್ದು ಎರಡೇ ಕೆಜಿ. ಯಂತ್ರ ಓಡುತ್ತಿದ್ದಷ್ಟು ಹೊತ್ತೂ ಮಾವ ಗೊರಕೆ ಹೊಡೆದರು. ಮುಗಿದ ಮೇಲೆ ನಾನು ಔಷಧಿ ಚೀಟಿ ಇಸಿದುಕೊಂಡು, ಅವರನ್ನು ನಡೆಸಿಕೊಂಡು ಹೋಗಲು ಕೈ ಚಾಚಿ ತಿರುಗಿದೆ. ಮಂಚ ಖಾಲಿ. ಮಾವ ಆಗಲೇ ಗೇಟಿನಾಚೆ ನಿಂತು ಆಟೋದವನ ಜೊತೆ ಜೋರುದನಿಯಲ್ಲಿ ಚೌಕಾಸಿ ಮಾಡುತ್ತಿದ್ದರು.