ಯಾರೂ ಇಲ್ಲದ ಪಟ್ಟಿ

ಗುರುಗ್ರಾಮದ ನಮ್ಮ ಬಾಡಿಗೆ ಮನೆಯಲ್ಲಿ ಸಾರಿನ ಪುಡಿಯ ಡಬ್ಬಿಯೊಂದಿದೆ. ನನ್ನ ಜೊತೆಗಿರುವ ಮೈಸೂರಿನ ನಸ್ರೀನ್ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಖಾಲಿ ಕಣೇ, ಊರಿಂದ ತರಿಸು" ಎಂದು ತೀರ್ಪು ಕೊಟ್ಟುಬಿಡುತ್ತಾಳೆ. ನಾನೋ, ಕಪಾಟಿನಲ್ಲಿ ಡಬ್ಬಿ ಕಂಡರೆ ಸಾಕು, ಪುಡಿ ಇದ್ದೇ ಇದೆಯೆಂದು ನಂಬಿ ಬೇಳೆ ಬೇಯಲಿಡುವ ಪೈಕಿ. ಈ ಸ್ವಭಾವ ಅಡುಗೆಮನೆ ದಾಟಿ ಕಚೇರಿಗೂ ಬಂದೀತೆಂದು, ಗೆಳೆಯರೇ, ನಾನು ಎಣಿಸಿರಲಿಲ್ಲ.

ಕಚೇರಿಯಲ್ಲಿ ನನ್ನ ಕೆಲಸ ರೂಬಿ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು. ಮಾನೇಸರ್‌ನ ಕಾರ್ಖಾನೆಯಿಂದ ಸಂಜೆ ಮನೆಗೆ ಹೊರಡುವ ನಮ್ಮ ಸಿಬ್ಬಂದಿಯ ಹೆಸರುಗಳನ್ನು ಒಂದು ಪಟ್ಟಿಗೆ ಸೇರಿಸಿ, ಪಟ್ಟಿ ಇದ್ದರೆ ಕ್ಯಾಬ್ ಕಳಿಸುವ ಸಾಲುಗಳನ್ನು ಬರೆದವಳು ನಾನೇ. ಮೊದಲು ನಾನು ಪಳಗಿದ್ದ ಭಾಷೆಯಲ್ಲಿ ಖಾಲಿ ಪಟ್ಟಿಯೆಂದರೆ 'ಇಲ್ಲ' ಎಂದೇ ಅರ್ಥ. ರೂಬಿಯ ನ್ಯಾಯವೇ ಬೇರೆ: ಒಳಗೆ ಏನೂ ಇರದಿದ್ದರೂ ಪಟ್ಟಿ ಎಂಬುದೊಂದು ಇದೆಯಲ್ಲ, ಆದ್ದರಿಂದ 'ಇದೆ'. ಖಾಲಿಯೋ ಎಂದು ತಿಳಿಯಬೇಕಾದರೆ 'ಎಂಪ್ಟಿ?' ಎಂದು, ಪ್ರಶ್ನಾರ್ಥಕ ಚಿಹ್ನೆಯ ಸಮೇತ, ಬಾಯಿಬಿಟ್ಟು ಕೇಳಬೇಕು. ಶೂನ್ಯಕ್ಕೂ ಒಂದು ಇರವನ್ನು ಒಪ್ಪುವ ಈ ಹಟ ನನಗೆ ಇಂದಿಗೂ ಸೋಜಿಗವೇ.

ಆದರೆ ಸೋಜಿಗದ ಪೆಟ್ಟು ಬಿದ್ದದ್ದು ಚಾಲಕ ಸತ್ಬೀರ್ ಭಯ್ಯಾ ಅವರಿಗೆ. ಕಾರ್ಖಾನೆಗೆ ರಜೆಯಿದ್ದ ಒಂದು ದಿನ ಯಾರೂ ಕ್ಯಾಬ್ ಕೇಳಿರಲಿಲ್ಲ. ನನ್ನ ಪ್ರೋಗ್ರಾಂ ಮಾತ್ರ ಹೆಸರಿಲ್ಲದ ಪಟ್ಟಿಯನ್ನು ಅವರ ಫೋನಿಗೆ ಕಳಿಸಿತು. ಮುಚ್ಚಿದ ಗೇಟಿನೆದುರು ಅವರು ಒಂದೂವರೆ ಗಂಟೆ ನಿಂತರು. ಹಾಸ್ಟೆಲಿಗೆ ಮರಳುವ ಮಗಳನ್ನು ಆ ಸಂಜೆ ಅವರು ಬಸ್ಸು ಹತ್ತಿಸಬೇಕಿತ್ತು. ಅವಳು ಒಬ್ಬಳೇ ಹೋದಳು. ಇದು ತಿಳಿದಾಗ ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಹೆಸರೇ ಇಲ್ಲದಿದ್ದರೂ ಏಕೆ ಕಾದಿರೆಂದು ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ. "ನಾಮ್ ನಹೀಂ ಥಾ, ಮೇಡಂ," ಎಂದು ಒಪ್ಪಿಕೊಂಡರು. ಹೆಸರು ಬಿಟ್ಟುಹೋಗಿದ್ದರೆ, ಯಾರದೋ ಮನೆಯ ಹುಡುಗಿ ಹೊರಗೆ ಬಂದು ಗಾಡಿಯಿಲ್ಲದೆ ನಿಂತರೆ, ಎಂದು ಅವರಿಗೆ ಅನ್ನಿಸಿತಂತೆ. ಬರಿದಾದ ಪಟ್ಟಿಯಲ್ಲೂ ಒಬ್ಬರಿರಬಹುದೆಂದು ಅವರು ಓದಿಕೊಂಡಿದ್ದರು.

ಅಂದೇ ಆ ಸಾಲನ್ನು ತಿದ್ದಿದೆ. ಪಟ್ಟಿ ಖಾಲಿಯಿದ್ದರೆ 'ಇಂದು ಯಾರೂ ಇಲ್ಲ, ಮನೆಗೆ ಹೋಗಿ' ಎಂದು ಚಾಲಕರಿಗೆ ಸಂದೇಶ ಹೋಗುವಂತೆ ಇನ್ನೊಂದು ಸಾಲನ್ನೂ ಸೇರಿಸಿದೆ. ಸಂದೇಶ ಹೋದ ಮೊದಲ ಸಂಜೆಯೇ ಸತ್ಬೀರ್ ಭಯ್ಯಾ ಫೋನ್ ಮಾಡಿದರು.

"ಪಕ್ಕಾ, ಮೇಡಂ? ಕೋಯಿ ನಹೀಂ?"

ಪ್ರೋಗ್ರಾಮಿನ ಮಾತನ್ನು ಬದಿಗಿಟ್ಟು, ಕಾರ್ಖಾನೆಯ ಗೇಟಿಗೇ ಫೋನ್ ಮಾಡಿ ಕೇಳಿದೆ. ಆಮೇಲೆ ಅವರಿಗೆ ಹೇಳಿದೆ:

"ಪಕ್ಕಾ, ಭಯ್ಯಾ. ಘರ್ ಜಾಯಿಯೇ."