ಚಿಕ್ಕಮಾವ ಸೋತ ಹೊಸತೊಡಕು

ನಮ್ಮ ಚಿಕ್ಕಮಾವನ ಅಂಗೈಗಳು ಬಾಣಂತಿಯ ಅಂಗೈಗಳಷ್ಟು ಮೆತ್ತಗಿದ್ದವು. ಮೂಡಲಪಾಳ್ಯದ ರಾಗಿ ಹೊಲದ ಮನೆಯಲ್ಲಿ ಹುಟ್ಟಿಯೂ ಅವರು ಗುದ್ದಲಿ ಮುಟ್ಟಿದವರಲ್ಲ. ದಡ್ಡುಗಟ್ಟಿದ ಕೈಯಲ್ಲಿ ಇಸ್ಪೀಟೆಲೆ ಜಾರುವುದಿಲ್ಲವಂತೆ. ದಿನವೂ ಹರಳೆಣ್ಣೆ ಹಚ್ಚಿ ತಿಕ್ಕಿಕೊಳ್ಳುವರು. "ಒಬ್ಬ ದುಡಿಯೋದು, ಇನ್ನೊಬ್ಬ ಎಣ್ಣೆ ಹಚ್ಕೊಳ್ಳೋದು" ಎಂದು ಅವರ ಅಣ್ಣ, ಅಂದರೆ ನನ್ನ ಮಾವ, ಗೊಣಗುವರು. ಎಣ್ಣೆ ತೀರಿದಾಗ ತಂದಿಡುತ್ತಿದ್ದವರೂ ಅವರೇ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ರಾಜಾಜಿನಗರದ ಕಡೆ ಆಗಿನ್ನೂ ಸೈಟುಗಳ ಕಲ್ಲು ನೆಡುತ್ತಿದ್ದರು. ಅಲ್ಲಿನ ಶಾಲೆಗಳಲ್ಲಿ, ಮದುವೆ ಮನೆಗಳಲ್ಲಿ ಚಿಕ್ಕಮಾವ ಇಸ್ಪೀಟಿನ ಜಾದೂ ಮಾಡುತ್ತಿದ್ದರು. ಸಂಜೆ ಜಗುಲಿಯ ಮೇಲೆ ಅಭ್ಯಾಸ. ಕೆಂಪು ಬಿಸಿಲಿನಲ್ಲಿ ಬೆರಳ ತುದಿಯಲ್ಲೊಂದು ಎಲೆ ಇರುತ್ತಿತ್ತು, ಆಮೇಲೆ ಬರೀ ಬಿಸಿಲಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಎಲೆ ನನ್ನ ಮೊರದ ಅಕ್ಕಿಯೊಳಗಿಂದ ಏಳುತ್ತಿತ್ತು. ತವರು ಬಿಟ್ಟು ಬಂದಿದ್ದ ನನಗೆ, ಹೋದದ್ದು ಹೀಗೆ ತಿರುಗಿ ಬರುತ್ತದೆ ಎನ್ನುವುದೇ ದೊಡ್ಡ ಸಮಾಧಾನವಾಗಿತ್ತು.

ಅವರಿಗೆ ಗುರುವೇ ಇರಲಿಲ್ಲ. ಎಲ್ಲ ಸ್ವಂತ ಕಲ್ಪನೆ. ಒಮ್ಮೆ ನಾನು ರೊಟ್ಟಿಯನ್ನು ಕೈಯಿಂದ ಕೈಗೆ ಹಾಕಿ ತಟ್ಟುವುದನ್ನು ಅಡುಗೆಮನೆ ಬಾಗಿಲಲ್ಲೇ ಕೂತು ನೋಡಿದರು. "ಗಟ್ಟಿ ಹಿಡಿದ್ರೆ ಹರಿಯುತ್ತೆ, ಬಿಟ್ರೆ ಬೀಳುತ್ತೆ. ಎಷ್ಟು ಹಗುರ ಇದೆ ನೋಡಮ್ಮ ನಿನ್ನ ಕೈ!" ಎಂದರು. ಎಲೆಯನ್ನು ಅಂಗೈಯಲ್ಲಿ ಬಚ್ಚಿಡುವ ಹೊಸ ವರಸೆಯೊಂದನ್ನು ಅದರಿಂದಲೇ ಕಟ್ಟಿದರು. ಕೇಳಿದವರಿಗೆಲ್ಲ ಅದನ್ನು 'ಸೊಸೆಕೈ' ಎಂದೇ ಹೇಳುವರು. ನನಗೆ ನಾಚಿಕೆ, ಒಳಗೊಳಗೇ ಹೆಮ್ಮೆ.

ಇಂಥವರಿಗೆ ವರ್ಷಕ್ಕೊಂದು ದಿನ ಮಾತ್ರ ಮುಖ ಬಾಡುತ್ತಿತ್ತು. ಯುಗಾದಿ ಮಾರನೆಯ ಹೊಸತೊಡಕಿನಂದು ಬಾಡೂಟ ಮುಗಿಸಿ ಊರ ಗಂಡಸರೆಲ್ಲ ನಮ್ಮ ಹೊಂಗೆ ಮರದಡಿ ಜಮಖಾನ ಹಾಸಿ ರಮ್ಮಿಗೆ ಕೂರುವರು. ಚಿಕ್ಕಮಾವನನ್ನು ಮಾತ್ರ ಸೇರಿಸುತ್ತಿರಲಿಲ್ಲ. "ನಿನ್ನ ಕೈ ನಂಬೋಕಾಗುತ್ತೇನಪ್ಪ?" ಎಂದು ನಗುವರು. ಅವರೂ ನಗುತ್ತಲೇ ಎಲ್ಲರಿಗೂ ಎಲೆಅಡಿಕೆ ಕೊಟ್ಟು, ಹಿಂದೆ ನಿಂತು ನೋಡುವರು. 

ಒಂದು ವರ್ಷ ಅವರೇ ಹೇಳಿದರು: "ನಾನು ಎಲೆ ಮುಟ್ಟೋದೇ ಇಲ್ಲ. ನಮ್ಮ ಸೊಸೆ ಹಿಡ್ಕೊಳ್ಳಲಿ, ನಾನು ಹೇಳ್ತೀನಿ."

ಹೆಂಗಸು ಇಸ್ಪೀಟಿಗೆ ಕೂರುವುದೇ? ಎಲ್ಲರೂ ಮುಖ ಮುಖ ನೋಡಿಕೊಂಡರು. ನಮ್ಮತ್ತೆ ಒಳಗಿನಿಂದಲೇ, "ಹೋಗಿ ಕೂತ್ಕೊಳ್ಳೇ, ಆಸೆ ಪಡ್ತಾವ್ನೆ ಪಾಪ" ಎಂದರು.

ಚಿಕ್ಕಮಾವ ಎರಡೂ ಕೈಗಳನ್ನು ತೊಡೆಯಡಿ ಸೇರಿಸಿ ಕೂತರು. ಗಲ್ಲದಿಂದಲೇ ಇದನ್ನು ಎಸಿ, ಅದನ್ನು ಇಡು ಎಂದು ತೋರಿಸುವರು. ಅಬ್ಬಾ, ಎಷ್ಟು ಕೆಟ್ಟದಾಗಿ ಆಡಿದರು! ಆಟದ ಮೇಲೆ ಆಟ ಸೋತರು. ಎದ್ದಾಗ ಕಣ್ಣು ತುಂಬಿತ್ತು. ಸೋತದ್ದಕ್ಕೆ ಬೇಜಾರೇ ಎಂದು ಕೇಳಿದೆ.

"ಇಲ್ಲ ಕಣಮ್ಮ. ಯಾವ ಎಲೆ ಬರುತ್ತೋ ಅಂತ ನನಗೇ ಗೊತ್ತಿರ್ಲಿಲ್ಲ. ಎಷ್ಟು ಚೆನ್ನಾಗಿತ್ತು!"

ಮುಂದಿನ ಹೊಸತೊಡಕಿಗೆ ಅವರಿರಲಿಲ್ಲ. ಜ್ವರವೆಂದು ಮಲಗಿದವರು ಏಳಲೇ ಇಲ್ಲ. ಆ ದಿನ ಮರದಡಿ ಮಾವ ಎಲೆ ಕಲಸಿ ಎಲ್ಲರಿಗೂ ಹಂಚಿದರು. ತಮ್ಮ ಪಕ್ಕದ ಖಾಲಿ ಜಾಗಕ್ಕೂ ಹಂಚಿದರು. ಆಮೇಲೆ ತಲೆಯೆತ್ತದೆ ನನ್ನನ್ನು ಕರೆದರು: "ಬಾರವ್ವ, ಅವನ ಎಲೆ ಎತ್ಕೋ."

ಹೋಗಿ ಕೂತೆ. ನನಗೆ ಆಟ ಅಷ್ಟಕ್ಕಷ್ಟೇ. ಆದರೂ ಕೊನೆಗೆ ಒಂದೇ ಎಲೆ ಬೇಕಾಯಿತು, ಆಟೀನ್ ರಾಣಿ. ಅದು ಮಾವನ ಕೈಯಲ್ಲಿ ರಾಜ ಗುಲಾಮರ ನಡುವೆ ಸೇರಿಕೊಂಡಿದ್ದನ್ನು ಓರೆಗಣ್ಣಲ್ಲಿ ಕಂಡೆ. ಅವರೂ ನನ್ನ ಕೈಯತ್ತ ಒಮ್ಮೆ ನೋಡಿದರು. ಕಟ್ಟಿಕೊಂಡ ಆಟವನ್ನು ಒಡೆದು ರಾಣಿಯನ್ನು ಎಸೆದರು. ಎದುರಿಗಿದ್ದವರಿಗೆಲ್ಲ ಗೊತ್ತಾದರೂ ತಂತಮ್ಮ ಎಲೆಗಳನ್ನೇ ನೋಡುತ್ತ ಕೂತರು. ಮೋಸ ಮಾಡುತ್ತಾನೆಂದು ಚಿಕ್ಕಮಾವನನ್ನು ಅಷ್ಟು ವರ್ಷ ದೂರವಿಟ್ಟವರು ಅವತ್ತು ಅವರಿಗಾಗಿ ತಾವೇ ಮೋಸ ಮಾಡಿದರು.

ರಾಣಿಯನ್ನು ಎತ್ತಿಕೊಂಡು ಎಲೆಗಳನ್ನು ಜಮಖಾನದ ಮೇಲೆ ಬಿಚ್ಚಿಟ್ಟೆ.

"ಗೆದ್ದ ನೋಡವ್ವ ನನ್ನ ತಮ್ಮ" ಎಂದರು ಮಾವ.