ಮರುಬಿಡುಗಡೆಯ ರಿಕ್ಷಾ

ಕುಮಟಾದ ಟಾಕೀಸಿಗಾಗಿ ರಿಕ್ಷಾಕ್ಕೆ ಮೈಕು ಕಟ್ಟಿಕೊಂಡು ಸಿನಿಮಾ ಸಾರುತ್ತಿದ್ದವನನ್ನು ನೆನೆದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಹಳೆಯ ಚಿತ್ರ ಮತ್ತೆ ತೆರೆಗೆ ಬಂದಾಗ ಅವನ ಗಂಟಲಿಗೆ ಹಬ್ಬ. ಒಂದು ಕೈ ಹೊರಗೆ ಚಾಚಿ, ಕುತ್ತಿಗೆಯ ನರ ಉಬ್ಬಿಸಿ, “ಮರು... ಬಿಡುಗಡೇ!” ಎಂದು ಎಳೆಯುತ್ತಿದ್ದ. ಆಮೇಲೆ ಕತೆ ಶುರು. ಕುತೂಹಲದ ಜಾಗಕ್ಕೆ, ಹೋದ ವರ್ಷದ ಚಿತ್ರದಲ್ಲಾದರೆ ನಾಯಕಿ ದೋಣಿ ಹತ್ತುವಲ್ಲಿಗೆ, ಬಂದು ಮೈಕು ಆರಿಸಿಬಿಡುತ್ತಿದ್ದ.

ಅಂದಿನ ಸಂಜೆಯ ಆಟ ತುಂಬದಿದ್ದರೆ ಆ ಚಿತ್ರವನ್ನು ಮರುದಿನವೇ ತೆಗೆಯುವುದಾಗಿ ಟಾಕೀಸಿನ ಮಾಲೀಕರು ಅವನಿಗೆ ಹೇಳಿದ್ದರು. ಅದು ನನಗೂ ಗೊತ್ತಿತ್ತು. ಆದರೂ ಮೀನುಪೇಟೆಯಲ್ಲಿ ಅವನು ಮೈಕು ಆರಿಸಿದ್ದೇ ತಡ, ಮುದುಕನಾದ ನಾನು ನಾಲ್ಕು ಜನ ನಗಲೆಂದು ಕೂಗಿದೆ.

“ಅವಳು ಸಾಯ್ತಳೆ! ನಾ ಹರೇದಲ್ಲೇ ನೋಡಿದ್ದೆ!”

ಪೇಟೆಯೆಲ್ಲ ನಕ್ಕಿತು. ಅವನ ಮುಖ ಕಪ್ಪಿಟ್ಟಿತು. ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಅವನು ಮತ್ತೆ ಮೈಕು ಹಾಕಿದ.

“ಹೌದು, ಸಾಯ್ತಳೆ! ಈ ಅಜ್ಜ ಆಗ ಒಬ್ನೇ ಕೂತು ಅತ್ತಿದ್ನಡ. ಮರುಬಿಡುಗಡೆ ಅಂದ್ರೆ ಎಂತ ಅಂದ್ಕಂಡ್ರಿ? ಈ ಸಲ ಎಲ್ಲಾ ಕೂಡಿ ಅಳೂದು! ಬನ್ನಿ, ಅಕ್ಕದಿರೇ!”

“ಆತು ತಮಾ, ಅಜ್ಜನ್ನೂ ಎಳ್ಕಂಡ್ ಬತ್ತೇವೆ!” ಎಂದಳು ಮೀನು ಮಾರುವವಳೊಬ್ಬಳು.

ನನ್ನನ್ನು ಎಳೆದುಕೊಂಡೇ ಹೋದರು. ಟಾಕೀಸು ತುಂಬಿತ್ತು! ಅವನು ತೆರೆಗೆ ಬೆನ್ನು ಹಾಕಿ, ಜನರ ಮುಖಗಳನ್ನೇ ನೋಡುತ್ತ ಬಾಗಿಲ ಬಳಿ ನಿಂತಿದ್ದ. ನಾಯಕಿ ದೋಣಿ ಹತ್ತಿದಳು. ಸುತ್ತಲೂ ಸೆರಗುಗಳು ಕಣ್ಣಿಗೆ ಹೋದವು. ತಪ್ಪಾಯಿತೆಂದು ಹೇಳಲು ನಾನು ಅವನತ್ತ ತಿರುಗಿ ಬಾಯಿ ತೆರೆದೆ.

ಅವನು ತುಟಿಯ ಮೇಲೆ ಬೆರಳಿಟ್ಟು, ತೆರೆಯತ್ತ ಕೈ ತೋರಿಸಿದ.